ಕಾರ್ಬನ್ ಸೈಕಲ್‌ಗೆ ಬಣ್ಣ: ಓವನ್‌ಗೆ ಹಾಕೋ ಮುಂಚೆ ಇದನ್ನ ಕೇಳಿ

ಈ ವಾರದ ಕಂತು ಹುಟ್ಟಿದ್ದು ಬಾಗಲಕೋಟೆಯಿಂದ ಬಂದ ಒಂದು ವಾಯ್ಸ್ ನೋಟ್‌ನಿಂದ. "ಅಣ್ಣಾ, ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೇನ್ರಿ. ಬಣ್ಣ ಎಲ್ಲಾ ಕಿತ್ತು ಹೋಗೇತಿ. ನಮ್ಮೂರಾಗ ಗೇಟು, ಗ್ರಿಲ್ಲಿಗೆ ಪೌಡರ್ ಕೋಟಿಂಗ್ ಮಾಡೋರು ಅದಾರ. ಅಲ್ಲೇ ಕೊಡ್ಲೇನ್ರಿ?" ಕೊನೆಗೆ ಇನ್ನೊಂದು ಮಾತು ಸೇರಿಸಿದ್ದ: "ಫ್ರೇಮ್ ಅಲ್ಯೂಮಿನಿಯಂ, ಫೋರ್ಕ್ ಕಾರ್ಬನ್ ಅಂತ ಮಾರಿದವ್ರು ಹೇಳ್ಯಾರ."

ಆ ಕೊನೆ ಮಾತು ಇಲ್ಲದಿದ್ರೆ "ಕೊಡಪ್ಪ, ಚೆನ್ನಾಗಿರತ್ತೆ" ಅಂತ ಹೇಳಿ ಮುಗಿಸ್ತಿದ್ದೆ. ಫೋರ್ಕ್ ಅಂದ್ರೆ ಮುಂದಿನ ಚಕ್ರ ಹಿಡ್ಕೊಂಡಿರೋ ಕವಲು. ಇಳಿಜಾರಲ್ಲಿ ಅದು ಮುರಿದ್ರೆ ಬ್ರೇಕ್ ಹಿಡಿಯೋಕೂ ಟೈಮ್ ಇರಲ್ಲ, ಮುಖ ನೇರ ಟಾರಿಗೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಪೌಡರ್ ಕೋಟಿಂಗ್‌ನಲ್ಲಿ ಡಬ್ಬಿ ಪೇಂಟ್ ಇರಲ್ಲ. ಒಣ ಪುಡಿ ಇರತ್ತೆ, ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಎಪಾಕ್ಸಿ. ಗನ್‌ನಿಂದ ಹೊರಗೆ ಬರುವಾಗ ಆ ಪುಡಿಗೆ ವಿದ್ಯುತ್ ಚಾರ್ಜ್ ಕೊಡ್ತಾರೆ, ಸೈಕಲ್ ಫ್ರೇಮ್‌ಗೆ ಅರ್ಥಿಂಗ್ ಕೊಟ್ಟಿರ್ತಾರೆ. ಪುಡಿ ಹೋಗಿ ಲೋಹಕ್ಕೆ ಅಂಟಿಕೊಳ್ಳತ್ತೆ. ಆಮೇಲೆ ಇಡೀ ಫ್ರೇಮನ್ನ ಓವನ್ ಒಳಗೆ ನೇತುಹಾಕ್ತಾರೆ. ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್, ಸುಮಾರು 10ರಿಂದ 20 ನಿಮಿಷ. ಪುಡಿ ಕರಗಿ, ಹರಡಿ, ಗಟ್ಟಿಯಾಗತ್ತೆ. ನಿಮ್ಮನೆ ಕಿಟಕಿ ಗ್ರಿಲ್ ಮೇಲೆ ಇರೋದು ಇದೇ ಆಗಿರಬಹುದು. ಸ್ಟೀಲ್ ಸೈಕಲ್‌ಗಂತೂ ಹೇಳಿ ಮಾಡಿಸಿದ ಹಾಗಿರತ್ತೆ. ಅಲ್ಯೂಮಿನಿಯಂಗೂ ಅಷ್ಟು ಹೊತ್ತಿನ ಬಿಸಿ ನಡೆಯತ್ತೆ.

ಈಗ ಕಾರ್ಬನ್‌ಗೆ ಬರೋಣ. ಕಡಲೆಕಾಯಿ ಚಿಕ್ಕಿ ನೆನಪಿಸಿಕೊಳ್ಳಿ. ಕಡಲೆಬೀಜ ಒಂದು, ಅದನ್ನ ಹಿಡಿದಿಟ್ಟಿರೋ ಬೆಲ್ಲ ಇನ್ನೊಂದು. ನಾವು 'ಕಾರ್ಬನ್ ಫೈಬರ್' ಅಂತ ಕರೆಯೋ ಸೈಕಲ್ ಭಾಗವೂ ಎರಡು ವಸ್ತುಗಳ ಜೋಡಿ: ಕೂದಲಿಗಿಂತ ಸಣ್ಣ ಕಾರ್ಬನ್ ಎಳೆಗಳು, ಅವನ್ನ ಹಿಡಿದಿಟ್ಟಿರೋ ರೆಸಿನ್, ಸಾಮಾನ್ಯವಾಗಿ ಎಪಾಕ್ಸಿ. ಎಳೆಗಳಿಗೆ 200 ಡಿಗ್ರಿ ಏನೇನೂ ಅಲ್ಲ, ಅವು ತಯಾರಾಗುವಾಗಲೇ 1000 ಡಿಗ್ರಿ ದಾಟಿ ಬಂದಿರ್ತವೆ. ತೊಂದರೆ ಬೆಲ್ಲದ್ದು. ಸೈಕಲ್‌ಗೆ ಬಳಸೋ ಎಷ್ಟೋ ರೆಸಿನ್‌ಗಳು 120ರಿಂದ 150 ಡಿಗ್ರಿ ಆಸುಪಾಸಿನಲ್ಲಿ ಗಾಜಿನಂಥ ಗಟ್ಟಿತನ ಬಿಟ್ಟು ರಬ್ಬರಿನ ಥರ ಮೆತ್ತಗಾಗೋಕೆ ಶುರು ಮಾಡ್ತವೆ. ಇದಕ್ಕೆ ಗ್ಲಾಸ್ ಟ್ರಾನ್ಸಿಷನ್ ಅಂತಾರೆ. ಪೌಡರ್ ಕೋಟಿಂಗ್ ಓವನ್ ಆ ಗಡಿ ದಾಟಿ ತುಂಬಾ ಮುಂದೆ ಇದೆ.

ಇದರಲ್ಲಿ ಮೋಸ ಏನಂದ್ರೆ, ಓವನ್‌ನಿಂದ ಹೊರಗೆ ಬಂದು ತಣ್ಣಗಾದ ಮೇಲೆ ಭಾಗ ಮತ್ತೆ ಗಟ್ಟಿಯಾಗತ್ತೆ. ಕೈಯಲ್ಲಿ ಹಿಡಿದ್ರೆ ಮೊದಲಿನ ಹಾಗೇ ಇರತ್ತೆ. ಒಳಗೆ ಪದರದಿಂದ ಪದರ ಬಿಟ್ಟಿರಬಹುದು, ಸಿಕ್ಕಿಬಿದ್ದ ಗಾಳಿ ಉಬ್ಬಿರಬಹುದು. ಅದರ ಮೇಲೆ ಫಳಫಳ ಹೊಳೆಯೋ ಹೊಸ ಬಣ್ಣ ಬೇರೆ!

ಇದು ಪುಸ್ತಕದ ಬದನೆಕಾಯಿ ಅಲ್ಲ, ನನ್ನ ದುಡ್ಡೇ ಹೋಗಿದೆ. ಎರಡು ವರ್ಷದ ಹಿಂದೆ ನಾನೂ ಇದೇ ಥರದ ಸೈಕಲ್ ಬಿಚ್ಚಿ, ಎಲ್ಲಾ ಒಂದು ಚೀಲಕ್ಕೆ ತುಂಬಿ ಪೀಣ್ಯಕ್ಕೆ ತಗೊಂಡು ಹೋದೆ. ಶೆಡ್‌ನಲ್ಲಿದ್ದ ಹಿರಿಯರೊಬ್ಬರು ಫೋರ್ಕ್ ಎತ್ತಿ, ಉಗುರಲ್ಲಿ ತಟ್ಟಿ, "ಏನಪ್ಪಾ ಇದು, ಕಬ್ಬಿಣನೂ ಅಲ್ಲ ಅಲ್ಯೂಮಿನಿಯಂನೂ ಅಲ್ಲ. ಇದನ್ನ ನಾನು ಒಳಗೆ ಹಾಕಲ್ಲ, ತಗೊಂಡು ಹೋಗು" ಅಂದ್ರು. ನನಗೆ ಬೇಜಾರಾಯ್ತು, ಕಲರ್ ಮ್ಯಾಚ್ ಆಗಲ್ವಲ್ಲ ಅಂತ! ಫೋರ್ಕ್ ವಾಪಸ್ ಬಂತು. ಚೀಲದ ತಳದಲ್ಲಿದ್ದ ಸೀಟ್ ಪೋಸ್ಟ್ ಮಾತ್ರ ಉಳಿದ ಸಾಮಾನಿನ ಜೊತೆ ಒಳಗೆ ಹೋಗಿಬಿಡ್ತು. ಅದೂ ಕಾರ್ಬನ್ ಅಂತ ನಾನೇ ಹೇಳಿರಲಿಲ್ಲ. ಮೂರು ದಿನ ಬಿಟ್ಟು ತಂದಾಗ ಅಲ್ಲಲ್ಲಿ ಸಣ್ಣ ಗುಳ್ಳೆ. ಸೀಟು ಕೂರಿಸೋ ಅಲ್ಯೂಮಿನಿಯಂ ತಲೆಯನ್ನ ಕಾರ್ಬನ್ ಕೊಳವೆಗೆ ಅಂಟು ಹಾಕಿ ಕೂರಿಸಿರ್ತಾರೆ. ಆ ತಲೆ ನನ್ನ ಕೈಯಲ್ಲಿ ಗಿರಗಿರ ತಿರುಗ್ತು. ಅಂಟು ಬಿಟ್ಟಿತ್ತು. ಆ ಹಿರಿಯರು ಫೋರ್ಕ್ ತಟ್ಟಿ ನೋಡದೇ ಇದ್ದಿದ್ರೆ ನಾನು ಅದನ್ನೂ ಹಾಕ್ಕೊಂಡು ನಂದಿ ಬೆಟ್ಟ ಇಳೀತಿದ್ದೆ.

ಹಾಗಾಗಿ ಮೊದಲ ಕೆಲಸ, ಏನು ಎಲ್ಲಿ ಕಾರ್ಬನ್ ಅಂತ ಗುರುತಿಸೋದು. ಮ್ಯಾಗ್ನೆಟ್ ನಂಬಬೇಡಿ. ಅದು ಸ್ಟೀಲ್ ಹೌದೋ ಅಲ್ವೋ ಅಂತ ಹೇಳತ್ತೆ ಅಷ್ಟೇ, ಕಾರ್ಬನ್‌ಗೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ. ಫೋರ್ಕ್ ಬಿಚ್ಚಿ ಸ್ಟೀರರ್ ಕೊಳವೆ ಒಳಗೆ ಮೊಬೈಲ್ ಟಾರ್ಚ್ ಹಾಕಿ. ಕಪ್ಪಗೆ, ಒರಟಾಗಿ, ಎಳೆ ಕಾಣಿಸಿದ್ರೆ ಕಾರ್ಬನ್. ಬೆಳ್ಳಗೆ ಲೋಹ ಕಾಣಿಸ್ತು ಅಂತ ನಿರಾಳ ಆಗ್ಬೇಡಿ, ಎಷ್ಟೋ ಫೋರ್ಕ್‌ಗಳಲ್ಲಿ ಸ್ಟೀರರ್ ಅಲ್ಯೂಮಿನಿಯಂ, ಕೆಳಗಿನ ಎರಡು ಕಾಲು ಕಾರ್ಬನ್. ಎರಡನ್ನೂ ಸೇರಿಸಿರೋದು ಅಂಟು. ಹಳೇ ಕೆಲವು ಅಲ್ಯೂಮಿನಿಯಂ ಫ್ರೇಮ್‌ಗಳಲ್ಲೂ ಹಿಂದಿನ ಕೊಳವೆಗಳಷ್ಟೇ ಕಾರ್ಬನ್ ಇರ್ತವೆ, ಮೇಲೆ ಒಂದೇ ಬಣ್ಣ. ಅನುಮಾನ ಇದ್ರೆ ಮಾಡೆಲ್ ಹೆಸರು ಹಾಕಿ ಕಂಪನಿಯ ಹಳೇ ಕ್ಯಾಟಲಾಗ್ ಹುಡುಕಿ.

"ಓವನ್ ಬಿಸಿ ಕಮ್ಮಿ ಇಡ್ತೀವಿ ಬಿಡಿ ಸಾರ್" ಅಂತ ಯಾರಾದ್ರೂ ಅಂದ್ರೆ? ಮಾಮೂಲಿ ಪುಡಿಗೆ ಬೇಕಾದಷ್ಟು ಬಿಸಿ ಸಿಗದಿದ್ರೆ ಅದು ಪೂರ್ತಿ ಗಟ್ಟಿಯಾಗಲ್ಲ, ಚಕ್ಕೆ ಚಕ್ಕೆಯಾಗಿ ಏಳತ್ತೆ. ಎಂಡಿಎಫ್ ಹಲಗೆಗೆ ಅಂತ ಕಮ್ಮಿ ಬಿಸಿಯ ಪುಡಿಗಳು ಇವೆ, ಆದ್ರೆ ಅವುಗಳಲ್ಲೂ ಎಷ್ಟೋ ರೆಸಿನ್‌ನ ಗಡಿಗೆ ತಾಗಿಕೊಂಡೇ ಇರ್ತವೆ. ನಿಮ್ಮ ಫೋರ್ಕ್‌ನ ರೆಸಿನ್ ಗಡಿ ಎಷ್ಟು ಅಂತ ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ.

ಹಾಗಂತ ಕಾರ್ಬನ್‌ಗೆ ಬಣ್ಣವೇ ಹಾಕಬಾರದು ಅಂತಲ್ಲ. ದ್ರವ ಪೇಂಟ್ ಹಾಕಿ, ಕಾರಿಗೆ ಹಾಕೋ ಥರದ್ದು: ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಹಾರ್ಡ್‌ನರ್ ಬೆರೆಸಿದ ಪಿಯು ಕ್ಲಿಯರ್ ಕೋಟ್. ಇದು ಮಾಮೂಲಿ ಬಿಸಿಲಿಗೇ ಒಣಗತ್ತೆ. ಗ್ಯಾರೇಜಿನ ಬೂತ್‌ನಲ್ಲಿ 60 ಡಿಗ್ರಿ ಆಸುಪಾಸು ಇಟ್ಟು ಬೇಗ ಒಣಗಿಸಿದ್ರೂ ಪರವಾಗಿಲ್ಲ.

ನಿಜವಾದ ಕಷ್ಟ ಹಳೇ ಬಣ್ಣ ತೆಗೆಯೋದರಲ್ಲಿ. ಪೇಂಟ್ ರಿಮೂವರ್ ಹಚ್ಚಬೇಡಿ, ಎಪಾಕ್ಸಿ ಪೇಂಟನ್ನ ತಿನ್ನೋ ರಾಸಾಯನಿಕ ಎಪಾಕ್ಸಿ ರೆಸಿನ್‌ನ ಸುಮ್ನೆ ಬಿಡತ್ತಾ? ಸ್ಯಾಂಡ್ ಬ್ಲಾಸ್ಟಿಂಗೂ ಬೇಡ, ಎಳೆಗಳನ್ನೇ ಕಡಿದು ಹಾಕತ್ತೆ. ಕೈಯಲ್ಲೇ ಉಜ್ಜಬೇಕು, 400, 600 ನಂಬರ್ ವಾಟರ್ ಪೇಪರ್, ನೀರು, ತಾಳ್ಮೆ. ಹಳೇ ಬಣ್ಣ ಪೂರ್ತಿ ಹೋಗಬೇಕು ಅಂತೇನೂ ಇಲ್ಲ. ಗಟ್ಟಿಯಾಗಿ ಕೂತಿದ್ರೆ ಮೇಲ್ಮೈ ಒರಟಾದ್ರೆ ಸಾಕು. ನೀರಿನಲ್ಲಿ ಕಪ್ಪು ಇಳಿಯೋಕೆ ಶುರುವಾದ್ರೆ, ಹಳೇ ಬಣ್ಣವೇ ಕಪ್ಪು ಅಲ್ಲದಿದ್ರೆ, ನಿಲ್ಲಿಸಿ. ನೀವು ಉಜ್ತಿರೋದು ಈಗ ಫೋರ್ಕನ್ನೇ. ಒಣ ಉಜ್ಜೋದು ಬೇಡ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಎಲ್ಲಾ ಕಡೆ ಬಣ್ಣ ಹಾಕೋ ಹಾಗೂ ಇಲ್ಲ. ಬೇರಿಂಗ್ ಕೂರೋ ಜಾಗ, ಸ್ಟೆಮ್ ಬಿಗಿಯೋ ಸ್ಟೀರರ್ ಭಾಗ, ಫ್ರೇಮ್ ಒಳಗೆ ಇಳಿಯೋ ಸೀಟ್ ಪೋಸ್ಟ್, ಚಕ್ರ ಕೂರೋ ಗಾಡಿ, ಡಿಸ್ಕ್ ಬ್ರೇಕ್ ಕೂರೋ ಮುಖ, ಎಲ್ಲದಕ್ಕೂ ಮಾಸ್ಕಿಂಗ್ ಟೇಪ್. ಬಿಗಿಯೋ ಜಾಗದಲ್ಲಿ ಪೇಂಟ್ ಇದ್ರೆ ಅದು ದಿನಾ ಸ್ವಲ್ಪ ಸ್ವಲ್ಪ ಜಜ್ಜಿಹೋಗಿ ಬೋಲ್ಟ್ ಸಡಿಲ ಆಗತ್ತೆ. ರಿಮ್ ಬ್ರೇಕ್ ಉಜ್ಜೋ ಪಟ್ಟಿಗಂತೂ ಬಣ್ಣ ತಾಗಿಸಲೇಬೇಡಿ.

ಸ್ಪ್ರೇ ಮಾಡೋ ಕೆಲಸ ಮಾತ್ರ ಮನೇಲಿ ಬೇಡ. ಪಿಯು ಹಾರ್ಡ್‌ನರ್‌ನಲ್ಲಿ ಐಸೋಸೈನೇಟ್ ಇರತ್ತೆ, ಉಸಿರಲ್ಲಿ ಹೋದ್ರೆ ಆಸ್ತಮಾ ತರಬಲ್ಲ ವಸ್ತು. ಕೊರೊನಾ ಕಾಲದ ಮಾಸ್ಕ್ ಅದನ್ನ ತಡೆಯಲ್ಲ. ಉಜ್ಜೋದು ನೀವು ಮಾಡಿ ಕೂಲಿ ಉಳಿಸಿ, ಸ್ಪ್ರೇಯನ್ನ ಸರಿಯಾದ ಉಸಿರಾಟದ ರಕ್ಷಣೆ ಇರೋ ಪೇಂಟಿಂಗ್ ಬೂತ್‌ಗೆ ಬಿಡಿ.

ದುಡ್ಡಿನ ವಿಚಾರ, ಬಿ.ಕಾಂ ಓದಿದ ಮೇಲೆ ಇದನ್ನ ಹೇಳದೇ ಬಿಡೋಕಾಗಲ್ಲ. ಪೌಡರ್ ಕೋಟಿಂಗ್ ಅಗ್ಗ ಯಾಕಂದ್ರೆ ನಿಮ್ಮ ಫ್ರೇಮು ಹತ್ತಾರು ಗ್ರಿಲ್‌ಗಳ ಜೊತೆ ಒಂದೇ ಓವನ್ ಖರ್ಚು ಹಂಚಿಕೊಳ್ಳತ್ತೆ. ದ್ರವ ಪೇಂಟ್‌ನಲ್ಲಿ ಒಬ್ಬ ಮನುಷ್ಯನ ಗಂಟೆಗಳಿಗೆ ದುಡ್ಡು. ನನಗೆ ಫೋರ್ಕ್ ಒಂದಕ್ಕೇ ಆಗಿದ್ದು ಇಡೀ ಫ್ರೇಮಿನ ಪೌಡರ್ ಕೋಟಿಂಗ್‌ಗಿಂತ ಜಾಸ್ತಿ. ಹೊಸ ಸೀಟ್ ಪೋಸ್ಟ್ ಬಿಲ್ ಅದರ ಮೇಲೆ.

ಇನ್ನೊಂದು ಅನುಮಾನ, ಕೊಳ್ಳೋರಿಗೆ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ಮೇಲೆ ಈಗಷ್ಟೇ ಹಾಕಿದ ಬಣ್ಣ ಕಂಡ್ರೆ ಖುಷಿ ಪಡೋ ಮುಂಚೆ ಯಾಕೆ ಹಾಕಿದ್ರು ಅಂತ ಕೇಳಿ. ಬಿರುಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದ್ರೆ ಕಣ್ಣಿಗೆ ಕಾಣಲ್ಲ. ನಾಣ್ಯದಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ, ಟಕ್ ಟಕ್ ಅನ್ನೋದು ಒಂದು ಕಡೆ ಮಂಕಾದ್ರೆ ಅಲ್ಲಿ ಏನೋ ಇದೆ. ಮಂಕಾಗಲಿಲ್ಲ ಅಂದ್ರೆ ಸರಿಯಾಗಿದೆ ಅಂತ ಗ್ಯಾರಂಟಿ ಏನಿಲ್ಲ, ಹಳೇ ಫೋಟೋ ಇದ್ರೆ ಕೇಳಿ ತಗೊಳ್ಳಿ.

ಬಾಗಲಕೋಟೆ ತಮ್ಮಾ, ನಿನ್ನ ಫ್ರೇಮ್ ಪೂರ್ತಿ ಅಲ್ಯೂಮಿನಿಯಂ ಅಂತ ಖಾತ್ರಿ ಆದ್ರೆ ಧಾರಾಳವಾಗಿ ಗ್ರಿಲ್ ಅಂಗಡಿಗೆ ಕೊಡು. ಬೇರಿಂಗ್, ಕೇಬಲ್, ಪ್ಲಾಸ್ಟಿಕ್ ಎಲ್ಲಾ ಬಿಚ್ಚಿ ಕೊಡು, ಥ್ರೆಡ್‌ಗಳನ್ನ ಮುಚ್ಚೋಕೆ ಹೇಳು. ಫೋರ್ಕ್ ಮನೇಲೇ ಇರಲಿ. ಅದರ ಸ್ಟೀರರ್ ಒಳಗಿಂದ ಒಂದು ಫೋಟೋ, ಕಾಲುಗಳು ಸೇರೋ ಜಾಗದ ಹತ್ತಿರದಿಂದ ಇನ್ನೊಂದು ಫೋಟೋ ಕಳಿಸು. ಸೀಟ್ ಪೋಸ್ಟ್ ಯಾವುದು ಅಂತ ನೀನು ಹೇಳೇ ಇಲ್ಲ, ಅದನ್ನೂ ನೋಡು.