ಕಪ್ಪುಕುಳಿ ಎಲ್ಲವನ್ನೂ ನುಂಗುವುದಿಲ್ಲ

“ಕಪ್ಪುಕುಳಿ ಎಲ್ಲಾನೂ ನುಂಗ್ತದ ಅಂತೀರಿ. ಮತ್ತ ಅದರ ಹತ್ರದಿಂದ ಲಕ್ಷಗಟ್ಟಲೆ ಬೆಳಕಿನ ವರ್ಷ ಉದ್ದದ ಜೆಟ್ ಚಿಮ್ಮೋದು ಹೆಂಗ್ರಿ ಸರ್?” ಬ್ಯಾಡಗಿಯ ಕಾಲೇಜು ಹುಡುಗಿಯೊಬ್ಬಳ ಪ್ರಶ್ನೆ ಇದು. ಭೇಷ್!

ಗಡಿ ದಾಟಿ ಒಳಗೆ ಬಿದ್ದದ್ದು ಹಿಂದಿರುಗದು, ನಿಜ. ಆದರೆ ಗಡಿಯ ಹೊರಗೆ ಗಿರಕಿ ಹೊಡೆಯುವ ಅನಿಲವೆಲ್ಲ ಒಳಗೆ ಬೀಳಲೇಬೇಕೆಂದಿಲ್ಲ. ಅದರಲ್ಲೊಂದು ಪಾಲನ್ನು ಕಾಂತಕ್ಷೇತ್ರ ಎರಡು ದಿಕ್ಕಿಗೆ, ಬೆಳಕಿನ ವೇಗದ ಹತ್ತಿರಕ್ಕೆ, ಎಸೆದುಬಿಡುತ್ತದೆ. ಇದೇ ಜೆಟ್.

ನನಗೆ ಜೆಟ್‌ಗಿಂತ ಅದು ಹೋಗಿ ಬಡಿಯುವ ಜಾಗವೇ ಹೆಚ್ಚು ಸೋಜಿಗ. ಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, 70 ಕೋಟಿ ಬೆಳಕಿನ ವರ್ಷಕ್ಕೂ ಆಚೆ, ಸಿಗ್ನಸ್ ಎ ಎಂಬ ಗೆಲಾಕ್ಸಿಯಿದೆ. ಅದರ ರೇಡಿಯೊ ಅಲೆಗಳು ಬಹುಪಾಲು ಗೆಲಾಕ್ಸಿಯಿಂದಲ್ಲ, ಅದರ ಎಡಬಲದ ಎರಡು ತಾಣಗಳಿಂದ ಬರುತ್ತಿವೆ ಎಂದು 1953ರಲ್ಲಿ ತೋರಿಸಿದವರು ಜೆನಿಸನ್ ಮತ್ತು ನಮ್ಮ ಬಂಗಾಳದ ಮೃಣಾಲ್ ಕುಮಾರ್ ದಾಸ್‌ಗುಪ್ತ. ಸುಮಾರು 2 ಲಕ್ಷ ಬೆಳಕಿನ ವರ್ಷ ಸಾಗಿದ ಜೆಟ್ ಅಲ್ಲಿ ತೆಳು ಅನಿಲಕ್ಕೆ ಡಿಕ್ಕಿ ಹೊಡೆಯುತ್ತದೆ. ಮೆಣಸಿನಕಾಯಿ ಹೊಲದಲ್ಲಿ ಪಂಪ್‌ಸೆಟ್ ಪೈಪಿನ ನೀರು ಬದುವಿಗೆ ಬಡಿದು ಹಿಂದಕ್ಕೆ ಹರಡುತ್ತದಲ್ಲ, ಹಾಗೆ. ಬಡಿದ ಜಾಗ ಹಾಟ್‌ಸ್ಪಾಟ್. ಹಿಂದಕ್ಕೆ ಹರಡಿದ್ದು ರೇಡಿಯೊ ಹಾಲೆ.

ಹಾಟ್‌ಸ್ಪಾಟಿನ ಕಾಂತಕ್ಷೇತ್ರ ಮಹಾ ಪ್ರಬಲವೆಂದುಕೊಂಡಿರಾ? ದಿಕ್ಸೂಚಿಯ ಮುಳ್ಳು ತಿರುಗಿಸುವ ನಮ್ಮ ಭೂಮಿಯ ಕ್ಷೇತ್ರಕ್ಕಿಂತ ಅದು ಸಾವಿರ ಪಟ್ಟಿಗೂ ಮಿಕ್ಕಿ ದುರ್ಬಲ! ಆದರೆ ಸಾವಿರಾರು ಬೆಳಕಿನ ವರ್ಷ ಅಗಲದ ಆ ಜಾಗದಲ್ಲಿ ಅಪಾರ ವೇಗದ ಎಲೆಕ್ಟ್ರಾನ್‌ಗಳು ತುಂಬಿವೆ. ಕಾಂತಕ್ಷೇತ್ರದಲ್ಲಿ ಸುತ್ತುತ್ತ ಅವು ಹೊಳೆಯುತ್ತವೆ, ಹೊಳೆದಷ್ಟೂ ಶಕ್ತಿ ಕಳೆದುಕೊಳ್ಳುತ್ತವೆ. ಹೆಚ್ಚು ಶಕ್ತಿಯವು ಬೇಗ ಸೊರಗುತ್ತವೆ. ಹಾಗಾಗಿ ಹಾಟ್‌ಸ್ಪಾಟ್ ಪ್ರಖರವಾಗಿದ್ದರೆ ಜೆಟ್ ಈಚಿನವರೆಗೂ ಅಲ್ಲಿಗೆ ತಲುಪುತ್ತಿತ್ತೆಂದೇ ಅರ್ಥ. ಜೆಟ್ ನಿಂತರೆ ಅದು ಆರುತ್ತದೆ. ಹಾಲೆ ಮಾತ್ರ ಬಹುಕಾಲ ಉಳಿದು ಉದ್ದನೆಯ ಅಲೆಗಳಲ್ಲಿ ಮಂಕಾಗಿ ಕಾಣುತ್ತದೆ.

ಅಂಥ ಉದ್ದನೆಯ ಅಲೆಗಳಿಗೆಂದೇ ನಮ್ಮ ಗೌರಿಬಿದನೂರಿನಲ್ಲಿ 1976ರಲ್ಲಿ ಸಾವಿರ ಡೈಪೋಲ್‌ಗಳ ರೇಡಿಯೊ ದೂರದರ್ಶಕ ಎದ್ದು ನಿಂತಿತು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಕಟ್ಟಿದ್ದು. ಅದು ಹಿಡಿಯುತ್ತಿದ್ದ 34.5 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 8.7 ಮೀಟರ್. ಅದರ ಆಕಾಶ ಸಮೀಕ್ಷೆ 1990ರಲ್ಲಿ ಪ್ರಕಟವಾಯಿತು. ನಮ್ಮ ಪಠ್ಯಪುಸ್ತಕಗಳು ಇದನ್ನು ಹೆಮ್ಮೆಯಿಂದ ಹೇಳಬೇಕು.

ಇನ್ನು, ಆ ಅಲೆಗಳಿಂದ ನಮ್ಮ ರಾಶಿಗೆ ದೋಷವೇನಾದರೂ ಉಂಟೇ ಎಂದು ದಯವಿಟ್ಟು ಕೇಳಬೇಡಿ. ಒಂದು ಎಲೆಯನ್ನೂ ಅಲುಗಿಸಲಾರದಷ್ಟು ಕ್ಷೀಣ ಅವು. ಪರಿಹಾರಕ್ಕೆಂದು ದುಡ್ಡು ಕೇಳುವವರನ್ನು ಬಾಗಿಲಿಂದಲೇ ಕಳಿಸಿ. ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ಕತ್ತೆತ್ತಿದರೆ ನೆತ್ತಿಗಿಂತ ತುಸು ಕೆಳಗೆ ಹಂಸ ಸಿಗುತ್ತದೆ. ಅದರ ಎದೆಯ ನಕ್ಷತ್ರದಿಂದ ಪಶ್ಚಿಮಕ್ಕೆ ನಾಲ್ಕು ಡಿಗ್ರಿಯಷ್ಟು ಸರಿದರೆ ಸಿಗ್ನಸ್ ಎ ಇರುವ ಜಾಗ. ಬರಿಗಣ್ಣಿಗೆ ಕಾಣದು, ದಿಕ್ಕು ಮಾತ್ರ ಅದೇ.