ಊರಿನ ಫಲಕ ಬದಲಾದಾಗ

ಮಕ್ಕಳೇ, ನಂಗವಳ್ಳಿ ಎಂಬ ಊರು ನಿಮಗೆ ಗೊತ್ತೇ? ಸೇಲಂ ಜಿಲ್ಲೆಯ ಮೆಟ್ಟೂರು ತಾಲ್ಲೂಕಿನಲ್ಲಿ ಅದು ಇದೆ. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು ಮಾತನಾಡುವ ನೇಕಾರ ಕುಟುಂಬಗಳು ಆ ಸೀಮೆಯಲ್ಲಿ ತಲೆತಲಾಂತರದಿಂದ ಬಾಳುತ್ತಿವೆ. ಈ ಊರಿಗೆ ಎರಡು ಹೆಸರಿನ ಆಡಳಿತವಿದೆ. ಒಂದು ಪಟ್ಟಣ ಪಂಚಾಯಿತಿ. ಅದರ ಫಲಕದಲ್ಲಿ 'ಪೇರೂರಾಟ್ಚಿ' ಎಂದು ತಮಿಳಿನಲ್ಲಿ ಬರೆದಿರುತ್ತದೆ. ಇನ್ನೊಂದು 'ಊರಾಟ್ಚಿ ಒನ್ರಿಯಂ', ಅಂದರೆ ಪಂಚಾಯಿತಿ ಒಕ್ಕೂಟ. ಅದು ನಂಗವಳ್ಳಿಯ ಸುತ್ತಲಿನ ಹಳ್ಳಿಗಳ ಕೆಲಸ ನೋಡುತ್ತದೆ.

ಪಟ್ಟಣದ ಬೀದಿಯಲ್ಲಿ ನಡೆದುಕೊಂಡು ಹೋದರೆ ಒಂದು ಕಡೆ ಪಟ್ಟಣ ಮುಗಿದು ಹಳ್ಳಿ ಶುರುವಾಗುತ್ತದೆ. ನೆಲದ ಮೇಲೆ ಅಲ್ಲಿ ಗೆರೆಯೇನೂ ಕಾಣುವುದಿಲ್ಲ. ರಸ್ತೆ ಅದೇ, ಬೇವಿನ ಮರ ಅದೇ, ಎರಡೂ ಕಡೆಯ ಜನ ನೆಂಟರು. ಆದರೂ ಆ ಕಾಣದ ಗೆರೆಯ ಈಚೆಗಿನ ಮನೆಗೆ ಒಂದು ತೆರಿಗೆ, ಆಚೆಗಿನ ಮನೆಗೆ ಇನ್ನೊಂದು ತೆರಿಗೆ. ಆ ಗೆರೆಯನ್ನು ಸರಿಸಬೇಕೆಂದು ಸರ್ಕಾರ ಹೊರಟರೆ ಜನ ಗಟ್ಟಿಯಾಗಿ ವಾದ ಮಾಡುತ್ತಾರೆ. ಏಕೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ತಮಿಳುನಾಡಿನಲ್ಲಿ ಸ್ಥಳೀಯ ಆಡಳಿತಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಹಳ್ಳಿಗೆ ಗ್ರಾಮ ಪಂಚಾಯಿತಿ, ಅದೇ ಊರಾಟ್ಚಿ. ಹಳ್ಳಿಗಿಂತ ದೊಡ್ಡದಾಗಿ, ನಗರಕ್ಕಿಂತ ಚಿಕ್ಕದಾಗಿ ಇರುವ ಊರಿಗೆ ಪಟ್ಟಣ ಪಂಚಾಯಿತಿ. ನಂತರ ನಗರಸಭೆ, ಅಂದರೆ ನಗರಾಟ್ಚಿ. ಮೆಟ್ಟೂರಿನಲ್ಲಿ ಇರುವುದು ಇದು. ಎಲ್ಲಕ್ಕಿಂತ ಮೇಲೆ ಮಹಾನಗರ ಪಾಲಿಕೆ. ಸೇಲಂ 1994ರಲ್ಲಿ ಪಾಲಿಕೆಯಾಯಿತು. ಆಗ ಪಕ್ಕದ ಸೂರಮಂಗಲಂ ಎಂಬ ನಗರಸಭೆ ಅದರಲ್ಲಿ ಸೇರಿಹೋಯಿತು. ಈಗ ಸೂರಮಂಗಲಂ ಎಂಬುದು ಪಾಲಿಕೆಯ ನಾಲ್ಕು ವಲಯಗಳಲ್ಲಿ ಒಂದರ ಹೆಸರು.

ಮೊದಲು ಮನೆಗಂದಾಯದ ಮಾತು. ಬೀದಿದೀಪ ಉರಿಯಬೇಕು, ಕುಡಿಯುವ ನೀರು ಬರಬೇಕು, ಚರಂಡಿ ಕಟ್ಟಿಕೊಳ್ಳಬಾರದು, ಕಸ ಗುಡಿಸಬೇಕು. ಇವಕ್ಕೆಲ್ಲ ಹಣ ಬೇಕು. ಆ ಹಣದ ಒಂದು ಪಾಲು ನಿಮ್ಮ ಮನೆಯಿಂದಲೇ ಹೋಗುತ್ತದೆ. ಉಳಿದದ್ದನ್ನು ರಾಜ್ಯ ಸರ್ಕಾರ, ಕೇಂದ್ರ ಸರ್ಕಾರಗಳು ಕೊಡುತ್ತವೆ. ಮನೆಗಂದಾಯವನ್ನು ಪಟ್ಟಣ ಪಂಚಾಯಿತಿ ವಸೂಲು ಮಾಡಿ ತಾನೇ ಇಟ್ಟುಕೊಳ್ಳುತ್ತದೆ. ಅದು ಚೆನ್ನೈಗೂ ಹೋಗುವುದಿಲ್ಲ, ದೆಹಲಿಗೂ ಹೋಗುವುದಿಲ್ಲ.

2018ರಲ್ಲಿ ತಮಿಳುನಾಡಿನ ಪಟ್ಟಣ, ನಗರಗಳಲ್ಲಿ ಈ ತೆರಿಗೆಯನ್ನು ಏರಿಸಿದರು. ಜನ ಒಪ್ಪಲಿಲ್ಲ. 2019ರ ನವೆಂಬರಿನಲ್ಲಿ ಆ ಏರಿಕೆಯನ್ನು ತಡೆಹಿಡಿದರು. ಮತ್ತೆ 2022ರ ಏಪ್ರಿಲ್‌ನಲ್ಲಿ ಹೊಸ ದರ ಬಂದಿತು. ಈ ಬಾರಿ ಮನೆ ಎಷ್ಟು ದೊಡ್ಡದು ಎಂದು ನೋಡಿ ಏರಿಸಿದರು. ಪಟ್ಟಣ ಪಂಚಾಯಿತಿಗಳಲ್ಲಿ 600 ಚದರ ಅಡಿಯೊಳಗಿನ ಮನೆಗೆ ನೂರಕ್ಕೆ 25ರಷ್ಟು ಏರಿಕೆ. 1,800 ಚದರ ಅಡಿಗಿಂತ ದೊಡ್ಡ ಮನೆಗೆ ನೂರಕ್ಕೆ ನೂರು.

ಒಂದು ಲೆಕ್ಕ ಮಾಡಿ. ಚಿಕ್ಕ ಮನೆಯವರು ಮೊದಲು 400 ರೂಪಾಯಿ ಕಟ್ಟುತ್ತಿದ್ದರು ಎಂದಿಟ್ಟುಕೊಳ್ಳಿ. ಈಗ ಎಷ್ಟಾಯಿತು? 500 ರೂಪಾಯಿ. ದೊಡ್ಡ ಮನೆಯವರು 2,000 ಕಟ್ಟುತ್ತಿದ್ದರೆ ಈಗ 4,000. ದೊಡ್ಡ ಮನೆಗೆ ದೊಡ್ಡ ಏರಿಕೆ ಎಂಬುದು ನ್ಯಾಯವೆಂದೇ ತೋರುತ್ತದೆ. ಆದರೆ ನೇಕಾರರ ಮನೆಯನ್ನು ನೆನೆಯಿರಿ. ಮಗ್ಗಕ್ಕೆ ಜಾಗ ಬೇಕು, ಹಾಸು ಹೂಡಲು ಉದ್ದನೆಯ ಜಾಗ ಬೇಕು. ಅಳತೆಯಲ್ಲಿ ದೊಡ್ಡದಾದ ಮನೆ ವರಮಾನದಲ್ಲೂ ದೊಡ್ಡದು ಎಂದು ಹೇಳಲಾಗದು. ಅಳತೆಯ ಪಟ್ಟಿಗೆ ಇದು ಕಾಣಿಸುವುದಿಲ್ಲ.

ಏರಿಸಿದವರಿಗೂ ಕಾರಣವಿತ್ತು. ಹಲವಾರು ವರ್ಷ ತೆರಿಗೆ ಇದ್ದಲ್ಲೇ ಇತ್ತು. ಗುಡಿಸುವವರ ಸಂಬಳ, ವಿದ್ಯುತ್ತಿನ ಬೆಲೆ ಮಾತ್ರ ಏರುತ್ತಲೇ ಇದ್ದವು. ಅಲ್ಲದೆ ಪಟ್ಟಣಗಳು ಆಸ್ತಿ ತೆರಿಗೆಯನ್ನು ಸರಿಪಡಿಸಿಕೊಂಡರೆ ಮಾತ್ರ ಕೇಂದ್ರದ ಅನುದಾನ ಸಿಗುತ್ತದೆ ಎಂದು 15ನೆಯ ಹಣಕಾಸು ಆಯೋಗ ಷರತ್ತು ಹಾಕಿತ್ತು. ಹೀಗೆ ನಂಗವಳ್ಳಿಯಂಥ ಊರಿನ ಮನೆಗಂದಾಯದ ಹಿಂದೆ ದೆಹಲಿಯ ಒಂದು ಮಾತೂ ಇತ್ತು.

ಇನ್ನು ಅಂಗಡಿಯಲ್ಲಿ ಕೊಡುವ ತೆರಿಗೆ. ಅದು ಊರಿನಲ್ಲಿ ಉಳಿಯುವುದಿಲ್ಲ. ನೀವು ಬರೆಯುವ ನೋಟ್‌ಪುಸ್ತಕಕ್ಕೂ ತೆರಿಗೆಯಿತ್ತು, ಗೊತ್ತೇ? 50 ರೂಪಾಯಿ ಬೆಲೆಯ ಪುಸ್ತಕಕ್ಕೆ ನೂರಕ್ಕೆ 12ರಂತೆ 6 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಪೆನ್ಸಿಲ್, ರಬ್ಬರ್ ಇವುಗಳ ಮೇಲಿನ ತೆರಿಗೆಯನ್ನು ತೆಗೆದುಹಾಕಿದರು.

ಸಾಮಾನು ಮಾರುವಾಗ ತೆರಿಗೆ ಹಾಕುವ ಈ ಪದ್ಧತಿಯ ಕಥೆ ನಮ್ಮ ಸೀಮೆಗೆ ಸೇರಿದ್ದು. ಹೊಸೂರಿನ ಹತ್ತಿರ ತೊರಪಳ್ಳಿ ಎಂಬ ಹಳ್ಳಿ ಇದೆ. 1878ರಲ್ಲಿ ಅಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದರು. ಅವರನ್ನೇ ನಾವು ರಾಜಾಜಿ ಎನ್ನುತ್ತೇವೆ. ಬೆಂಗಳೂರಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿ, 1917ರಿಂದ 1919ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಊರಿನ ನೀರು, ಚರಂಡಿ, ತೆರಿಗೆ ಇವನ್ನೆಲ್ಲ ಅವರು ಹತ್ತಿರದಿಂದ ಕಂಡವರು.

1937ರಲ್ಲಿ ರಾಜಾಜಿ ಮದ್ರಾಸ್ ಪ್ರಾಂತದ ಪ್ರಧಾನಿಯಾದರು. ಆಗ ಪ್ರಾಂತದ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಅವರಿಗೆ ಹೆಂಡದ ಅಂಗಡಿಗಳನ್ನು ಮುಚ್ಚಿಸಬೇಕೆಂಬ ಹಟವಿತ್ತು. ಮೊದಲು ಎಲ್ಲಿ ಮುಚ್ಚಿಸಿದರು? ತಮ್ಮ ಸೇಲಂ ಜಿಲ್ಲೆಯಲ್ಲೇ, 1937ರ ಅಕ್ಟೋಬರ್ 1ರಂದು. ಆಗಿನ ಸೇಲಂ ಜಿಲ್ಲೆ ಬಹಳ ದೊಡ್ಡದು. ಇಂದಿನ ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಎಲ್ಲವೂ ಅದರೊಳಗಿದ್ದವು. ಕೂಲಿಯ ಹಣ ಮನೆಗೆ ಬರತೊಡಗಿತು, ನಿಜ. ಆದರೆ ಸರ್ಕಾರಕ್ಕೆ ಒಂದು ತೊಂದರೆ ಆಯಿತು. ಅದರ ವರಮಾನದ ದೊಡ್ಡ ಪಾಲು ಆ ಅಂಗಡಿಗಳಿಂದಲೇ ಬರುತ್ತಿತ್ತು. ಒಂದೊಂದೇ ಜಿಲ್ಲೆಯಲ್ಲಿ ಮುಚ್ಚುತ್ತಾ ಹೋದಂತೆ ಬೊಕ್ಕಸ ಬರಿದಾಗುತ್ತಾ ಬಂದಿತು. ಶಾಲೆಗೆ, ಆಸ್ಪತ್ರೆಗೆ ಹಣವನ್ನು ಎಲ್ಲಿಂದ ತರುವುದು?

ಅದಕ್ಕಾಗಿ 1939ರಲ್ಲಿ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ ಬಂದಿತು. ವ್ಯಾಪಾರಿ ಮಾರಿದ ಮೊತ್ತದ ಮೇಲೆ ಒಂದು ಚಿಕ್ಕ ಪಾಲನ್ನು ಸರ್ಕಾರಕ್ಕೆ ಕೊಡಬೇಕು. ಭಾರತದಲ್ಲಿ ಇಂಥ ಸಾಮಾನ್ಯ ಮಾರಾಟ ತೆರಿಗೆ ಇದೇ ಮೊದಲು. ವ್ಯಾಪಾರಿಗಳು ಸಿಟ್ಟಾದರು. ಕುಡಿಯುವವನು ಕೊಡುತ್ತಿದ್ದ ಹಣವನ್ನು ಈಗ ಬೇಳೆ ಕೊಳ್ಳುವ ತಾಯಿ ಕೊಡಬೇಕೇ ಎಂದು ಯಾರಾದರೂ ಕೇಳಿದರೆ ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಕುಡಿತದಿಂದ ಹಾಳಾಗುವ ಮನೆಗಳ ಹಣದಿಂದ ಶಾಲೆ ನಡೆಸಬೇಕೇ ಎಂಬ ಮಾತೂ ಹಾಗೆಯೇ. ಎರಡನ್ನೂ ಎದುರೆದುರು ಇಟ್ಟು ನೋಡಿ.

ಆ ಕಾಯಿದೆಯಲ್ಲಿ ನಂಗವಳ್ಳಿಯಂಥ ಊರುಗಳಿಗೆ ಸಂಬಂಧಿಸಿದ ಒಂದು ವಿನಾಯಿತಿಯಿತ್ತು. ಹತ್ತಿಗೆ, ಹತ್ತಿಯ ನೂಲಿಗೆ ತೆರಿಗೆ ಇರಲಿಲ್ಲ. ಕೈಮಗ್ಗದ ಬಟ್ಟೆಯನ್ನು ಮಾತ್ರ ಮಾರುವ ವ್ಯಾಪಾರಿ ಮಾರಿದ ಬಟ್ಟೆಗೂ ಇರಲಿಲ್ಲ. ಕಾಯಿದೆ ಬರೆದವರು ಮಗ್ಗವನ್ನು ಮರೆತಿರಲಿಲ್ಲ.

ಪಾನನಿಷೇಧ ಆಮೇಲೆ ಹೋಯಿತು, ಬಂದಿತು, ಮತ್ತೆ ಹೋಯಿತು. ಅದರ ಸಲುವಾಗಿ ಹುಟ್ಟಿದ ತೆರಿಗೆ ಮಾತ್ರ ಹೋಗಲೇ ಇಲ್ಲ. ತೆರಿಗೆಗಳ ಆಯಸ್ಸು ದೊಡ್ಡದು. ತಮಿಳುನಾಡಿನಲ್ಲಿ ಅದು 2007ರ ಜನವರಿಯಲ್ಲಿ ಮೌಲ್ಯವರ್ಧಿತ ತೆರಿಗೆಯಾಯಿತು. 2017ರ ಜುಲೈ 1ರಿಂದ ಹೆಚ್ಚಿನ ಎಲ್ಲ ಸರಕುಗಳಿಗೂ ಜಿಎಸ್‌ಟಿ ಎಂಬ ಸರಕು ಮತ್ತು ಸೇವಾ ತೆರಿಗೆ ಬಂದಿತು. ಪೆಟ್ರೋಲು, ಡೀಸೆಲ್, ಮದ್ಯ ಮುಂತಾದವು ಅದರ ಹೊರಗೆ ಉಳಿದವು.

ಜಿಎಸ್‌ಟಿಗೆ ಮೊದಲು ತಮಿಳುನಾಡು ಸರ್ಕಾರ ಬಲವಾಗಿ ವಿರೋಧ ಹೇಳಿತ್ತು. ಏಕೆ ಎಂದು ಒಂದು ಸೀರೆಯಿಂದ ತಿಳಿಯೋಣ. ನಮ್ಮ ಕಡೆ ನೇಯ್ದ 1,000 ರೂಪಾಯಿಯ ಸೀರೆಗೆ ನೂರಕ್ಕೆ 5ರಂತೆ 50 ರೂಪಾಯಿ ತೆರಿಗೆ. ಸೇಲಂನ ಅಂಗಡಿಯಲ್ಲಿ ಮಾರಿದರೆ 25 ರೂಪಾಯಿ ಕೇಂದ್ರಕ್ಕೆ, 25 ತಮಿಳುನಾಡಿಗೆ. ಅದೇ ಸೀರೆ ಬೆಂಗಳೂರಿಗೆ ಹೋಗಿ ಮಾರಾಟವಾದರೆ ರಾಜ್ಯದ ಪಾಲಿನ 25 ರೂಪಾಯಿ ಕರ್ನಾಟಕಕ್ಕೆ ಸೇರುತ್ತದೆ. ನೇಯ್ದ ಕಡೆಗಲ್ಲ, ಕೊಂಡ ಕಡೆಗೆ ತೆರಿಗೆ. ತಮಿಳುನಾಡಿನಲ್ಲಿ ತಯಾರಾಗುವ ಸರಕು ಬಹಳ. ಆದ್ದರಿಂದ ನಷ್ಟವಾದೀತು ಎಂಬುದು ಇಲ್ಲಿನವರ ವಾದ. ಈ ನಷ್ಟ ತುಂಬಿಕೊಡಲು 2022ರ ಜೂನ್‌ವರೆಗೆ ಐದು ವರ್ಷ ರಾಜ್ಯಗಳಿಗೆ ಪರಿಹಾರ ಕೊಟ್ಟರು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವೆಂದು ನನಗೆ ಅನಿಸುತ್ತದೆ. 1939ರಲ್ಲಿ ಕೈಮಗ್ಗಕ್ಕೆ ವಿನಾಯಿತಿ ಕೊಡಲು ಮದ್ರಾಸಿನ ಶಾಸನಸಭೆಯ ಒಪ್ಪಿಗೆ ಸಾಕಾಗಿತ್ತು. ಈಗ ದರಗಳ ಮಾತು ನಡೆಯುವುದು ಜಿಎಸ್‌ಟಿ ಪರಿಷತ್ತಿನಲ್ಲಿ. ಅಲ್ಲಿ ಕೇಂದ್ರದ ಮಂತ್ರಿ, ಎಲ್ಲ ರಾಜ್ಯಗಳ ಮಂತ್ರಿಗಳು ಕೂಡುತ್ತಾರೆ. ಮತಗಳಲ್ಲಿ ಮೂರನೆಯ ಒಂದು ಪಾಲು ಕೇಂದ್ರದ್ದು. ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ಮಾತ್ರ ಬದಲಾವಣೆ. ಒಂದು ರಾಜ್ಯ ಒಂಟಿಯಾಗಿ ಏನನ್ನೂ ಬದಲಾಯಿಸಲಾರದು. ದೇಶಕ್ಕೆಲ್ಲ ಒಂದೇ ದರ ಎಂಬ ಅನುಕೂಲ ಬಂದಿತು. ತೀರ್ಮಾನ ಮಾಡುವ ಜಾಗ ನೇಕಾರರ ಬೀದಿಯಿಂದ ಇನ್ನಷ್ಟು ದೂರ ಹೋಯಿತು.

ಊರುಗಳನ್ನು ಒಂದರಲ್ಲಿ ಒಂದು ಸೇರಿಸುವಾಗಲೂ ಇದೇ ಮಾತು ಬರುತ್ತದೆ. ಹೊಸೂರನ್ನು ನೋಡಿ. 2011ರಲ್ಲಿ ಮತ್ತಿಗಿರಿ ಪಟ್ಟಣ ಪಂಚಾಯಿತಿ, ಜೂಜುವಾಡಿ ಮುಂತಾದ ಗ್ರಾಮ ಪಂಚಾಯಿತಿಗಳು ಹೊಸೂರು ನಗರಸಭೆಯಲ್ಲಿ ಸೇರಿದವು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಕಾರ್ಖಾನೆಗಳು ಬೆಳೆದು ಊರುಗಳ ನಡುವಿನ ಹೊಲಗಳೆಲ್ಲ ಮನೆಗಳಾದಾಗ ಒಂದೇ ಚರಂಡಿಯನ್ನು ಮೂರು ಆಡಳಿತಗಳು ನೋಡಿಕೊಳ್ಳುವುದು ಕಷ್ಟ. ಚರಂಡಿಯ ನೀರು ಗೆರೆ ನೋಡಿ ನಿಲ್ಲುವುದಿಲ್ಲವಲ್ಲ! ದೊಡ್ಡ ಪಾಲಿಕೆಗೆ ಎಂಜಿನಿಯರುಗಳು, ಯಂತ್ರಗಳು, ದೊಡ್ಡ ಯೋಜನೆಗಳು ಸಿಗುತ್ತವೆ. ಸೇರಿಸಬೇಕು ಎನ್ನುವವರ ಬಲವಾದ ಕಾರಣ ಇದೇ.

ಬೇಡ ಎನ್ನುವವರಿಗೂ ಕಾರಣಗಳಿವೆ. 2025ರ ಜನವರಿಯ ಹೊತ್ತಿಗೆ ತಮಿಳುನಾಡಿನಲ್ಲಿ ಸುಮಾರು 300 ಗ್ರಾಮ ಪಂಚಾಯಿತಿಗಳನ್ನು ನಗರಗಳೊಂದಿಗೆ ಸೇರಿಸುವ ಯೋಜನೆ ಪ್ರಕಟವಾಯಿತು. ಅನೇಕ ಹಳ್ಳಿಗಳ ಜನ, ಅದರಲ್ಲೂ ಹೆಂಗಸರು, ಬೀದಿಗೆ ಬಂದು ಬೇಡ ಎಂದರು. ತೆರಿಗೆ ಏರುತ್ತದೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡ ಭಯ ನೂರು ದಿನದ ಕೆಲಸದ್ದು. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಲಸ ಹಳ್ಳಿಗಳಿಗೆ ಮಾತ್ರ ಇತ್ತು. ಊರಿನ ಫಲಕದಲ್ಲಿ 'ಊರಾಟ್ಚಿ' ಹೋಗಿ 'ಮಾನಗರಾಟ್ಚಿ' ಬಂದರೆ ಆ ಕೆಲಸ ನಿಂತುಹೋಗುತ್ತದೆ. ಕಳೆ ಕೀಳುವ ಅಜ್ಜಿ ಬೆಳಗಾಗುವುದರೊಳಗೆ ನಗರದವಳಾಗಿಬಿಡುತ್ತಾಳೆಯೇ? ಲೆಕ್ಕದ ಪುಸ್ತಕದಲ್ಲಿ ಆಗಿಬಿಡುತ್ತಾಳೆ.

ಫಲಕ ಹಿಂದಕ್ಕೂ ಹೋಗಬಲ್ಲದು. 2004ರ ಜೂನ್‌ನಲ್ಲಿ 30,000ಕ್ಕಿಂತ ಕಡಿಮೆ ಜನರಿರುವ ಐನೂರಕ್ಕೂ ಹೆಚ್ಚು ಪಟ್ಟಣ ಪಂಚಾಯಿತಿಗಳನ್ನು ತಮಿಳುನಾಡು ಸರ್ಕಾರ 'ವಿಶೇಷ ಗ್ರಾಮ ಪಂಚಾಯಿತಿ' ಎಂದು ಮಾಡಿತು. ಹಳ್ಳಿಗಳಿಗೆಂದು ಇರುವ ಹಣ ಆ ಊರುಗಳಿಗೂ ಸಿಗಲಿ ಎಂಬುದು ಉದ್ದೇಶ. 2006ರ ಜುಲೈಯಲ್ಲಿ ಅವೇ ಊರುಗಳು ಮತ್ತೆ ಪಟ್ಟಣ ಪಂಚಾಯಿತಿಗಳಾದವು. ಎರಡು ವರ್ಷದಲ್ಲಿ ಊರುಗಳು ಕುಗ್ಗಲೂ ಇಲ್ಲ, ಹಿಗ್ಗಲೂ ಇಲ್ಲ. ಬದಲಾದದ್ದು ಯಾವ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು.

ಹಳ್ಳಿಗೆ ಇರುವ ಇನ್ನೊಂದು ಸಂಗತಿ ಗ್ರಾಮಸಭೆ. ಅಲ್ಲಿ ಊರಿನ ಮತದಾರರೆಲ್ಲರೂ ಕೂಡಬಹುದು, ಎದ್ದುನಿಂತು ಲೆಕ್ಕ ಕೇಳಬಹುದು. ತಮಿಳುನಾಡಿನಲ್ಲಿ ಮೊದಲು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆ ನಡೆಯುತ್ತಿತ್ತು. 2022ರಲ್ಲಿ ಮಾರ್ಚ್ 22, ನವೆಂಬರ್ 1 ಎಂಬ ಎರಡು ದಿನಗಳನ್ನು ಸೇರಿಸಿದರು. ಪಟ್ಟಣಕ್ಕೆ, ನಗರಕ್ಕೆ ಗ್ರಾಮಸಭೆ ಇಲ್ಲ. 2022ರಿಂದ ಅಲ್ಲಿ ವಾರ್ಡಿನ ಮಟ್ಟದಲ್ಲಿ ಪ್ರದೇಶ ಸಭೆಗಳನ್ನು ನಡೆಸಲು ಆರಂಭಿಸಿದ್ದಾರೆ.

2025ರ ಜನವರಿ 26ರ ಗ್ರಾಮಸಭೆಗಳಲ್ಲಿ ಹಲವು ಹಳ್ಳಿಗಳು ನಮ್ಮನ್ನು ಸೇರಿಸಬೇಡಿ ಎಂದು ಠರಾವು ಬರೆದವು. ಠರಾವು ಎಂದರೆ ಸಭೆ ಕೂಡಿ ಒಪ್ಪಿ ಬರೆದ ತೀರ್ಮಾನ. ಅದರ ಪುಸ್ತಕ ಪಂಚಾಯಿತಿ ಕಚೇರಿಯಲ್ಲಿ ಇರುತ್ತದೆ. ಅದರಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ, ಒಂದು ಹಾಳೆಯಲ್ಲಿ ಅರ್ಜಿ ಬರೆದು ಪ್ರತಿಯನ್ನು ಕೇಳಬಹುದು.