ಸಿ. ಸಿ. ಪಿ. ಎ. ಎಂದರೇನು? ರೈತರಿಗೆ ಅದರ ಉಪಯೋಗವೇನು?

ಬಿತ್ತಿದ ಬೀಜವು ಮೊಳೆಯದೆ ಹೋದರೆ ರೈತನ ಹಣವೂ ಹಂಗಾಮೂ ಒಟ್ಟಿಗೆ ನಷ್ಟವಾಗುವುವು. ಆಗ ಯಾರಲ್ಲಿ ಮೊರೆಯಿಡಬೇಕೆಂಬುದನ್ನು ಗ್ರಾಮಮುಖ್ಯರು ತಿಳಿದಿರುವುದು ಅವಶ್ಯಕ.

ಸಿ. ಸಿ. ಪಿ. ಎ. ಎಂಬುದು ಸೆಂಟ್ರಲ್ ಕನ್ಸ್ಯೂಮರ್ ಪ್ರೊಟೆಕ್ಷನ್ ಅಥಾರಿಟಿ ಎಂಬ ಹೆಸರಿನ ಸಂಕ್ಷೇಪವು. ಅಂದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. 2019ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಇದು 2020ನೆಯ ಜುಲೈ ತಿಂಗಳಲ್ಲಿ ಸ್ಥಾಪಿತವಾಯಿತು.

ಬೀಜ ಕೊಂಡ ರೈತನು ಗ್ರಾಹಕನೆನಿಸುವನೇ ಎಂಬ ಸಂದೇಹವು ಹಿಂದೆ ಇದ್ದಿತು. ಆಂಧ್ರಪ್ರದೇಶದ ರೈತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಅವನೂ ಗ್ರಾಹಕನೇ ಎಂದು ತೀರ್ಮಾನಿಸಿತು.

ಆದರೆ ಒಂದು ಭೇದವನ್ನು ಗಮನದಲ್ಲಿಡತಕ್ಕದ್ದು. ಪ್ರಾಧಿಕಾರವು ಒಬ್ಬೊಬ್ಬರಿಗೆ ನಷ್ಟಪರಿಹಾರ ಕೊಡಿಸುವ ಕಚೇರಿಯಲ್ಲ. ಸುಳ್ಳು ಜಾಹೀರಾತು ಮುಂತಾದುವುಗಳಿಂದ ಬಹುಮಂದಿಗೆ ಹಾನಿಯಾದಾಗ ಅದು ವಿಚಾರಣೆ ನಡೆಸಿ, ಜಾಹೀರಾತನ್ನು ನಿಲ್ಲಿಸಿ, ತಯಾರಕನಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಲ್ಲದು. ಇಂತಹ ದೂರನ್ನು ಜಿಲ್ಲಾಧಿಕಾರಿಗಳಿಗೂ ಬರೆದು ಕೊಡಬಹುದು. ಊರಿನ ಹಲವರಿಗೆ ಒಂದೇ ಬಗೆಯ ಮೋಸವಾಗಿದ್ದರೆ ಮುಖ್ಯಸ್ಥರು ಎಲ್ಲರ ವಿವರಗಳನ್ನೂ ಕೂಡಿಸಿ ಕಳುಹಿಸುವುದು ಲೇಸು.

ತನ್ನ ಸ್ವಂತ ನಷ್ಟವನ್ನು ತುಂಬಿಸಿಕೊಳ್ಳಬೇಕಾದವನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ಅರ್ಜಿ ಕೊಡಬೇಕು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅರ್ಜಿಗೆ ಶುಲ್ಕವಿಲ್ಲ. ಸಲಹೆಗಾಗಿ 1915 ಎಂಬ ರಾಷ್ಟ್ರೀಯ ಸಹಾಯವಾಣಿಯುಂಟು.

ಯಾವ ದೂರಿಗಾದರೂ ಸಾಕ್ಷ್ಯವೇ ಬಲ. ಆದುದರಿಂದ ರಸೀದಿ, ಚೀಲ, ಅದರ ಚೀಟಿ, ಒಂದು ಹಿಡಿ ಬೀಜ, ಇವಿಷ್ಟನ್ನು ಪೈರು ಮನೆಗೆ ಬರುವವರೆಗೂ ಜೋಪಾನವಾಗಿಡುವಂತೆ ಹಿಡುವಳಿದಾರರು ತಮ್ಮ ನೆರೆಹೊರೆಯವರಿಗೆ ಬಿತ್ತನೆಗೆ ಮೊದಲೇ ತಿಳಿಯಹೇಳತಕ್ಕದ್ದು.